ಬ್ರಶ್ ಸ್ಕ್ರಿಪ್ಟ್ ಫಾಂಟನ್ನು ಶೀರ್ಷಿಕೆಗೆ ಮಾತ್ರ ಬಳಸಬೇಕೆ? ಇಡೀ ಬರಹಕ್ಕೆ ಹಾಕಿದರೆ ಏನು ತೊಂದರೆ?

ಶೀರ್ಷಿಕೆ, ಲೋಗೋ, ಪೋಸ್ಟರಿನ ಒಂದೆರಡು ಪದ, ಅಷ್ಟಕ್ಕೇ ಸಾಕು. ಪ್ಯಾರಾಗಟ್ಟಲೆ ಹಾಕಿದರೆ ಓದುವವರ ಕಣ್ಣು ಸೋಲುತ್ತದೆ. ಕುಂಚದಲ್ಲಿ ಬರೆದಂತೆ ಕಾಣುವ ಈ ಅಕ್ಷರಗಳ ಅಂದವೆಲ್ಲ ಗೆರೆ ದಪ್ಪವಾಗಿ ಮತ್ತೆ ತೆಳುವಾಗುವ ಏರಿಳಿತದಲ್ಲಿದೆ. ಅಳತೆ ಚಿಕ್ಕದಾದರೆ ತೆಳುಗೆರೆ ಮಾಯವಾಗುತ್ತದೆ, ಅಕ್ಷರದೊಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ.

ಇಂಗ್ಲಿಷ್ ಪದಗಳನ್ನು ಪೂರ್ತಿ ಕ್ಯಾಪಿಟಲ್‌ನಲ್ಲಿ ಬರೆಯಲೇಬೇಡಿ. ಆ ದೊಡ್ಡಕ್ಷರಗಳು ಪದದ ಮೊದಲಿಗೆ ನಿಲ್ಲಲೆಂದು ರೂಪಿಸಿದವು. ಸಾಲಾಗಿ ನಿಂತರೆ ಬಳುಕುಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಅಕ್ಷರಗಳ ನಡುವಿನ ಅಂತರವನ್ನೂ ಹೆಚ್ಚಿಸಬೇಡಿ, ಕೊಂಡಿ ಕಡಿಯುತ್ತದೆ.

ಯಾವ ಫಾಂಟ್? 1942ರಲ್ಲಿ ರಾಬರ್ಟ್ ಇ. ಸ್ಮಿತ್ ಅಚ್ಚುಮೊಳೆ ತಯಾರಿಸುತ್ತಿದ್ದ ಅಮೆರಿಕನ್ ಟೈಪ್ ಫೌಂಡರ್ಸ್‌ಗಾಗಿ ರೂಪಿಸಿದ, 'ಬ್ರಶ್ ಸ್ಕ್ರಿಪ್ಟ್' ಎಂದೇ ಹೆಸರಿರುವ ಫಾಂಟ್ ಎಲ್ಲೆಡೆ ಕಂಡೂ ಕಂಡೂ ಸವೆದುಹೋಗಿದೆ (ನನಗಂತೂ ಸಾಕಾಗಿದೆ). ರೋಜೆ ಎಕ್ಸ್‌ಕೋಫಾನ್ ಅವರ 1953ರ 'ಮಿಸ್ಟ್ರಲ್' ಇಂದಿಗೂ ಹೆಚ್ಚು ಸಹಜವಾಗಿ ಕಾಣುತ್ತದೆ. ಹೊಸದನ್ನು ಆರಿಸುವುದಾದರೆ ಓಪನ್‌ಟೈಪ್ ಪರ್ಯಾಯ ಅಕ್ಷರಗಳಿವೆಯೇ (ಫಾಂಟಿನೊಳಗೇ ಒಂದೇ ಅಕ್ಷರಕ್ಕಿರುವ ಬೇರೆ ಬೇರೆ ರೂಪಗಳು) ನೋಡಿ. ಒಂದೇ ಪದದಲ್ಲಿ ಎರಡು ಬಾರಿ ಬರುವ ಅಕ್ಷರ ಎರಡೂ ಕಡೆ ಅಚ್ಚು ಒತ್ತಿದಂತಿದ್ದರೆ ಕೈಬರಹದ ಭ್ರಮೆ ಅಲ್ಲೇ ಮುಗಿಯಿತು. ಜೊತೆಗಿನ ಮುಖ್ಯ ಬರಹಕ್ಕೆ ಸರಳವಾದ ಸಾನ್ಸ್ ಸೆರಿಫ್ (ತುದಿಗಳಲ್ಲಿ ಪುಟ್ಟ ಅಡ್ಡಗೆರೆಯಿಲ್ಲದ ಅಕ್ಷರಗಳ ಫಾಂಟ್) ಸಾಕು. ಇನ್ನೊಂದು ಕೈಬರಹದಂಥ ಸ್ಕ್ರಿಪ್ಟ್ ಫಾಂಟ್ ಮಾತ್ರ ಬೇಡ.