ಕೊಲ್ಲೂರಿನಲ್ಲಿ ಲಿಂಗ ದರ್ಶನ ಯಾವ ಹೊತ್ತಿಗೆ?

ಪ್ರಶ್ನೆ: ಕಳೆದ ತಿಂಗಳು ಕುಟುಂಬ ಸಮೇತ ಕೊಲ್ಲೂರಿಗೆ ಹೋಗಿದ್ದೆವು. ಮಧ್ಯಾಹ್ನದ ಪೂಜೆಯ ಹೊತ್ತಿಗೆ ಸರದಿಯಲ್ಲಿ ನಿಂತು, ಅಲಂಕಾರದಲ್ಲಿದ್ದ ಮೂಕಾಂಬಿಕೆಯನ್ನು ಕಣ್ತುಂಬ ನೋಡಿದೆವು. ಊರಿಗೆ ಮರಳಿದ ಮೇಲೆ ನಮ್ಮ ಅತ್ತೆಯವರು, ‘ಅಲ್ಲಿ ಮೂಲದಲ್ಲಿರುವುದು ಲಿಂಗ, ಅದನ್ನು ನೋಡಿದಿರಾ?’ ಎಂದು ಕೇಳಿದರು. ನಮಗೆ ಲಿಂಗ ಕಾಣಿಸಲೇ ಇಲ್ಲ. ದೇವಿಯ ಗುಡಿಯಲ್ಲಿ ಲಿಂಗವೇಕೆ? ನಮ್ಮ ದರ್ಶನ ಅಪೂರ್ಣವಾಯಿತೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಅತ್ತೆಯವರು ಹೇಳಿದ್ದು ಸರಿ. ಆದರೆ ದರ್ಶನ ಅಪೂರ್ಣವಾಯಿತೆಂಬ ಆತಂಕ ಬೇಡ. ನೀವು ಹೋದ ಹೊತ್ತು ಅಲಂಕಾರದ ಹೊತ್ತು, ಅಷ್ಟೇ.

ಕೊಲ್ಲೂರಿನ ಗರ್ಭಗುಡಿಯಲ್ಲಿ ಮೂಲವೆಂದು ಪೂಜೆಗೊಳ್ಳುವುದು ಸ್ವಯಂಭೂ ಲಿಂಗ. ಅದರ ಮೇಲೆ ಸ್ವರ್ಣರೇಖೆಯೊಂದು ಹಾದುಹೋಗಿದ್ದು, ಆ ಗೆರೆಯಿಂದ ಲಿಂಗವು ಎರಡು ಭಾಗವಾಗಿದೆ, ಎರಡೂ ಸಮವಲ್ಲ. ಬಲಗಡೆಯ ಚಿಕ್ಕ ಭಾಗದಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರೂ ಎಡಗಡೆಯ ದೊಡ್ಡ ಭಾಗದಲ್ಲಿ ಮಹಾಕಾಳಿ, ಮಹಾಲಕ್ಷ್ಮಿ, ಮಹಾಸರಸ್ವತಿಯರೂ ನೆಲೆಸಿದ್ದಾರೆ ಎಂಬುದು ಕ್ಷೇತ್ರದ ನಂಬಿಕೆ. ಲಿಂಗವೆಂದರೆ ಶಿವನೊಬ್ಬನದೇ ಕುರುಹು ಎಂದು ಭಾವಿಸಿ ಹೋದವರಿಗೆ ಇಲ್ಲಿ ಗೊಂದಲವಾಗುವುದು ಸಹಜ. ಇಲ್ಲಿ ಶಕ್ತಿಯ ಪಾಲೇ ಹಿರಿದು.

ನೀವು ನೋಡಿದ್ದು ಲಿಂಗದ ಹಿಂದಿರುವ ಪಂಚಲೋಹದ ಮೂರ್ತಿಯನ್ನು. ಪದ್ಮಾಸನದಲ್ಲಿ ಕುಳಿತ, ಎರಡು ಕೈಗಳಲ್ಲಿ ಶಂಖ ಚಕ್ರಗಳನ್ನು ಹಿಡಿದು ಉಳಿದೆರಡರಲ್ಲಿ ಅಭಯ ವರದ ಮುದ್ರೆ ತೋರುವ ಈ ದೇವಿಯನ್ನು ಆದಿ ಶಂಕರಾಚಾರ್ಯರು ಪ್ರತಿಷ್ಠಾಪಿಸಿದರೆಂದು ಪರಂಪರೆ ಹೇಳುತ್ತದೆ. ಅದಕ್ಕೊಂದು ಕಥೆಯೂ ಇದೆ. ಕೊಡಚಾದ್ರಿಯಲ್ಲಿ ತಪಸ್ಸು ಮಾಡಿದ ಆಚಾರ್ಯರಿಗೆ ಒಲಿದ ದೇವಿ, ಅವರೊಡನೆ ಕೇರಳಕ್ಕೆ ಬರಲು ಒಪ್ಪಿ, ದಾರಿಯಲ್ಲಿ ಹಿಂದಿರುಗಿ ನೋಡಬಾರದೆಂದು ಕಟ್ಟು ಹಾಕಿದಳಂತೆ. ಕೊಲ್ಲೂರಿಗೆ ಬರುವಾಗ ಕಾಲ್ಗೆಜ್ಜೆಯ ದನಿ ಇದ್ದಕ್ಕಿದ್ದಂತೆ ನಿಂತುಹೋಯಿತು. ಆಚಾರ್ಯರು ತಿರುಗಿ ನೋಡಿದರು. ದೇವಿ ಅಲ್ಲಿಯೇ ನೆಲೆ ನಿಂತಳು. ಇಂದಿಗೂ ಕೇರಳದಿಂದ ಹರಿದುಬರುವ ಭಕ್ತರ ಸಾಲನ್ನು ನೋಡುವಾಗ, ಅಂದು ನಿಂತುಹೋದ ಆ ಪಯಣವನ್ನು ಇವರು ಎದುರು ದಿಕ್ಕಿನಿಂದ ಪೂರೈಸುತ್ತಿದ್ದಾರೇನೋ ಎಂದು ನನಗೆ ಅನ್ನಿಸುವುದುಂಟು.

ಇನ್ನು ಲಿಂಗ ದರ್ಶನದ ಮಾತು. ಹೂವು, ವಸ್ತ್ರ, ಆಭರಣಗಳ ಅಲಂಕಾರವಾದ ಮೇಲೆ ಎದುರಿಗೆ ನಿಂತವರ ಕಣ್ಣು ಮೂರ್ತಿಯ ಮುಖದ ಮೇಲೆಯೇ ನಿಲ್ಲುತ್ತದೆ, ಲಿಂಗ ಮರೆಯಾಗುತ್ತದೆ. ನಿರ್ಮಾಲ್ಯವನ್ನು, ಅಂದರೆ ಹಿಂದಿನ ದಿನ ಏರಿಸಿದ ಹೂವುಗಳನ್ನು, ತೆಗೆದು ಅಭಿಷೇಕ ನಡೆಯುವಾಗ ಮಾತ್ರ ಅದನ್ನೂ ಅದರ ಮೇಲಿನ ರೇಖೆಯನ್ನೂ ಕಾಣುವ ಅವಕಾಶ. ಆದ್ದರಿಂದ ಹಿಂದಿನ ದಿನ ಸಂಜೆಯೇ ಕೊಲ್ಲೂರು ತಲುಪಿ ಅಲ್ಲಿಯೇ ತಂಗಿ, ಮರುದಿನ ನಸುಕಿನಲ್ಲಿ ಸ್ನಾನ ಮುಗಿಸಿ ಸರದಿಗೆ ನಿಲ್ಲುವುದು ಒಳ್ಳೆಯದು. ಅಭಿಷೇಕದ ವೇಳೆಯನ್ನು ದೇವಸ್ಥಾನದ ಸೇವಾ ಕೌಂಟರಿನಲ್ಲಿ ಮುಂಚಿತವಾಗಿ ಕೇಳಿಕೊಳ್ಳಿ. ಗಂಡಸರು ಅಂಗಿ ಬನಿಯನ್ ತೆಗೆದು ಒಳಗೆ ಹೋಗುವುದು ಅಲ್ಲಿನ ಪದ್ಧತಿಯಾದ್ದರಿಂದ ಹೆಗಲಿಗೊಂದು ಶಲ್ಯವಿದ್ದರೆ ಅನುಕೂಲ. ಒಂದು ಮಾತು: ಬಾಗಿಲೆದುರು ನಿಲ್ಲಲು ಸಿಗುವುದು ಕೆಲವೇ ಕ್ಷಣ. ನಾನು ಮೊದಲ ಸಲ ಹೋದಾಗ ಕೈಮುಗಿದು ಕಣ್ಣು ಮುಚ್ಚಿಕೊಂಡೇ ನಿಂತುಬಿಟ್ಟೆ. ಕಣ್ಣು ತೆರೆಯುವಷ್ಟರಲ್ಲಿ ಹಿಂದಿನವರು ನನ್ನನ್ನು ಮುಂದಕ್ಕೆ ದೂಡಿ ಆಗಿತ್ತು. ಪ್ರಾರ್ಥನೆಯನ್ನು ಸರದಿಯಲ್ಲಿಯೇ ಮುಗಿಸಿಕೊಂಡು, ಗರ್ಭಗುಡಿಯೆದುರು ಕಣ್ಣು ಬಿಟ್ಟು ನೋಡಿ.

ಪ್ರಶ್ನೆ: ಕೊಲ್ಲೂರಿನಲ್ಲಿ ರಾತ್ರಿ ಕೊಡುವ ಕಷಾಯ ಔಷಧವೋ ಪ್ರಸಾದವೋ?
– ಓದುಗರೊಬ್ಬರು, ಸಾಗರ

ಉತ್ತರ: ಪ್ರಸಾದವೇ. ಅಸ್ವಸ್ಥರಾದ ಶಂಕರಾಚಾರ್ಯರಿಗೆ ದೇವಿಯೇ ಕಷಾಯ ಮಾಡಿಕೊಟ್ಟಳೆಂಬ ಪ್ರತೀತಿಯಿದ್ದು, ಅದರ ನೆನಪಿಗಾಗಿ ರಾತ್ರಿಯ ಪೂಜೆಯ ಬಳಿಕ ಕಷಾಯವನ್ನು ನಿವೇದಿಸಿ ಹಂಚುತ್ತಾರೆ. ಶುಂಠಿ, ಕಾಳುಮೆಣಸಿನ ಖಾರಕ್ಕೆ ಬೆಲ್ಲದ ಸಿಹಿ ಕೂಡಿದ ಆ ಬಿಸಿ ತೀರ್ಥ, ಮಳೆಗಾಲದ ಕೊಲ್ಲೂರಿನಲ್ಲಿ ಗಂಟಲಿಗಿಳಿದಾಗ ಔಷಧವೋ ಪ್ರಸಾದವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಆದರೆ ವೈದ್ಯರು ಕೊಟ್ಟ ಮಾತ್ರೆಯನ್ನು ಬಿಟ್ಟು ಇದನ್ನೇ ನಂಬಿ ಕೂರುವುದು ತರವಲ್ಲ.

ಪ್ರಶ್ನೆ: ಮೊಮ್ಮಗಳಿಗೆ ಅಕ್ಷರಾಭ್ಯಾಸ ಮಾಡಿಸಬೇಕು. ವಿಜಯದಶಮಿಯಂದೇ ಹೋಗಬೇಕೇ? ಜೊತೆಗೆ ಚಂಡಿಕಾ ಹೋಮವನ್ನೂ ಮಾಡಿಸಲೇಬೇಕೆಂದು ಬಂಧುಗಳು ಹೇಳುತ್ತಾರೆ.
– ಓದುಗರೊಬ್ಬರು, ಮೈಸೂರು

ಉತ್ತರ: ಹೋಮ ಕಡ್ಡಾಯವಲ್ಲ. ದೇವೀಮಾಹಾತ್ಮ್ಯದ 700 ಮಂತ್ರಗಳಿಂದ ಆಹುತಿ ಕೊಡುವ ದೊಡ್ಡ ಸೇವೆ ಅದು. ಹರಕೆಯೋ ಅನುಕೂಲವೋ ಇದ್ದವರು ಮಾಡಿಸುತ್ತಾರೆ. ಅಕ್ಷರಾಭ್ಯಾಸಕ್ಕೂ ಅದಕ್ಕೂ ಗಂಟು ಹಾಕಬೇಡಿ.

ಅಕ್ಷರಾಭ್ಯಾಸಕ್ಕೆ ವಿಜಯದಶಮಿ ಶ್ರೇಷ್ಠವೆಂಬುದು ನಿಜವಾದರೂ ಕೊಲ್ಲೂರಿನಲ್ಲಿ ಬೇರೆ ದಿನಗಳಲ್ಲಿಯೂ ಮಾಡಿಸುತ್ತಾರೆ. ವರ ಬೇಡಲು ಸಿದ್ಧನಾಗಿದ್ದ ಅಸುರನ ಮಾತನ್ನೇ ಕಸಿದು ಅವನನ್ನು ಮೂಕಾಸುರನನ್ನಾಗಿಸಿ, ಕೊನೆಗೆ ಸಂಹರಿಸಿದ್ದರಿಂದ ಮೂಕಾಂಬಿಕೆಯೆಂಬ ಹೆಸರು ಪಡೆದವಳ ಮುಂದೆಯೇ ನಾವು ಮಕ್ಕಳಿಗೆ ಮಾತನ್ನೂ ಅಕ್ಷರವನ್ನೂ ಬೇಡುತ್ತೇವೆ. ವಾಗ್ದೇವತೆಗೆ ಕೊಡುವುದೂ ಗೊತ್ತು, ತಡೆಯುವುದೂ ಗೊತ್ತು. ವಿಜಯದಶಮಿಯಂದು ಸರಸ್ವತಿ ಮಂಟಪದ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ತಟ್ಟೆಯ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುವಷ್ಟರಲ್ಲಿ, ಪಕ್ಕದ ಮಗುವಿನ ಅಳು ಕೇಳಿ ನಮ್ಮ ಮಗುವೂ ಅಳತೊಡಗಿ, ಬಿಗಿಹಿಡಿದ ಮುಷ್ಟಿ ಬಿಡುವುದೇ ಇಲ್ಲ. ನನ್ನನ್ನು ಕೇಳಿದರೆ, ನವರಾತ್ರಿಯ ಸಂದಣಿ ಕರಗಿದ ಮೇಲೆ ಒಂದು ಸಾಮಾನ್ಯ ದಿನ, ಮಗುವಿಗೆ ನಿದ್ದೆಯೂ ತಿಂಡಿಯೂ ಆದ ಬಳಿಕ ಕರೆದುಕೊಂಡು ಹೋಗಿ.