ಫಾರ್ಮ್ಯಾಟ್ ಹೊಡೆಸುವ ಮೊದಲು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದು ಸಾಲು ಉಂಟು: ‘ಅಂಗಡಿಯವರು ಫಾರ್ಮ್ಯಾಟ್ ಹೊಡೆಯಬೇಕು ಅಂದರು.’ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಕಂಪ್ಯೂಟರ್ ರಿಪೇರಿ ಮತ್ತು ಡಿಟಿಪಿ (ಅಚ್ಚಿಗೆ ಪುಟ ಕಟ್ಟುವ ಕೆಲಸ) ಎರಡನ್ನೂ ಒಂದೇ ಮೇಜಿನ ಮೇಲೆ ಮಾಡುವವ ನಾನು. ಒಳಗಿನ ಮಾತು ಹೇಳ್ತೇನೆ, ಫಾರ್ಮ್ಯಾಟ್ ಹೊಡೆಯುವುದು, ಅಂದರೆ ಡಿಸ್ಕಿನಲ್ಲಿ ಇದ್ದದ್ದನ್ನೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು, ನಮಗೆ ಬಹಳ ಸುಲಭದ ಕೆಲಸ. ಯಾಕೆ ಕೆಟ್ಟಿತು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ, ಮಜೂರಿ ಸಿಗ್ತದೆ. ನಿಮ್ಮ ಮಗಳ ಮದುವೆ ಫೋಟೋ, ಸಂಘದ ಲೆಕ್ಕಪತ್ರ ಹೋದರೆ ಅದು ನಿಮ್ಮ ಹಣೆಬರಹ. ಹಾಗಾಗಿ ‘ಕಾರಣ ಎಂತ?’ ಅಂತ ಕೇಳಿ. ‘ವೈರಸ್’ ಅಂದರೆ ‘ಯಾವ ವೈರಸ್?’ ಅಂತ ಇನ್ನೊಮ್ಮೆ ಕೇಳಿ.

ಪ್ರಶ್ನೆ: ದೇವಸ್ಥಾನದ ಉತ್ಸವದ ಆಮಂತ್ರಣವನ್ನು ವರ್ಡ್‌ನಲ್ಲಿ ನುಡಿ (ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್) ಹಾಕಿ ಟೈಪ್ ಮಾಡ್ತೇನೆ. ಸಾಲಿನ ಮೊದಲಿಗೆ ‘ದೇವಸ್ಥಾನದ’ ಎಂದು ಹೊಡೆದು ಸ್ಪೇಸ್ ಒತ್ತಿದ ಕೂಡಲೇ ‘ಚೇವಸ್ಥಾನದ’ ಆಗ್ತದೆ. ‘ರಂಗಪೂಜೆ’ಯ ರ ಹೋಗಿ ಉ ಬಂದು ಕೂರ್ತದೆ. ‘ಶ್ರೀ’ ಎಂದು ಶುರುವಾಗುವ ಸಾಲಿಗೆ ಮಾತ್ರ ಏನೂ ಆಗುವುದಿಲ್ಲ. ಅದೇ ‘ದೇವಸ್ಥಾನ’ ಸಾಲಿನ ನಡುವೆ ಬಂದರೂ ಸರಿ ಇರ್ತದೆ. ವೈರಸ್ ಅಂದರು, ಫಾರ್ಮ್ಯಾಟ್ ಮಾಡಿಸಿದೆವು. ಮತ್ತೆಯೂ ಅದೇ ಕತೆ.
— ದೇವಸ್ಥಾನದ ಕಚೇರಿ ನೋಡಿಕೊಳ್ಳುವವರು, ಮುಳ್ಳೇರಿಯ

ಉತ್ತರ: ಎಷ್ಟು ಚೆನ್ನಾಗಿ ಗಮನಿಸಿದ್ದೀರಿ ಮಾರಾಯ್ರೇ! ‘ಶ್ರೀಗೆ ಏನೂ ಆಗುವುದಿಲ್ಲ’ ಎಂಬ ಒಂದು ಮಾತಿನಲ್ಲಿ ಅರ್ಧ ಉತ್ತರ ಉಂಟು. ಇಷ್ಟು ವಿವರ ಹೇಳುವ ಗಿರಾಕಿ ಸಿಕ್ಕಿದರೆ ನಮ್ಮ ಕೆಲಸ ಎಷ್ಟು ಹಗುರ.

ನೀವು ಬಳಸುವ ಹಳೆಯ ನುಡಿ ಫಾಂಟಿನ ಫೈಲಿನ ಒಳಗೆ ಕನ್ನಡ ಅಕ್ಷರವೇ ಇಲ್ಲ. ಇರುವುದೆಲ್ಲ ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರ, ಗುರುತುಗಳು. ಆ ಜಾಗಗಳಲ್ಲಿ ನಮ್ಮ ಅಕ್ಷರದ ತುಂಡುಗಳ ಚಿತ್ರ ಕೂರಿಸಿದ್ದಾರೆ. ‘ಕನ್ನಡ’ ಎಂದು ಟೈಪ್ ಮಾಡಿ, ಆಯ್ಕೆ ಮಾಡಿ, ಫಾಂಟನ್ನು ಏರಿಯಲ್‌ಗೆ ಬದಲಿಸಿ ನೋಡಿ. ದೊಡ್ಡ ಪಿ, ತಲೆ ಮೇಲೆ ಓರೆ ಗೀಟು ಹೊತ್ತ ಎ, ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯೂ, ಕಡೆಗೆ ಇನ್ನೊಂದು ಎ ಕಾಣ್ತದೆ. ಆ ಗೀಟಿನ ಎ ಅಂದರೆ ತಲೆಕಟ್ಟು. ಜರ್ಮನ್ ಎಸ್ ಅಂದರೆ ನ ಒತ್ತು. ಅಂದಿನ ಕಂಪ್ಯೂಟರುಗಳಲ್ಲಿ ಒಂದು ಫಾಂಟಿಗೆ ಇದ್ದದ್ದೇ 256 ಜಾಗ. ಅದರಲ್ಲಿ ಇಡೀ ಕನ್ನಡವನ್ನು ಒತ್ತು ಸಮೇತ ಹಿಡಿಸಿದ್ದು ಸಣ್ಣ ಸಾಹಸವಲ್ಲ, ಬೈಯುವ ಹಾಗಿಲ್ಲ.

ಆ ಲೆಕ್ಕದಲ್ಲಿ ‘ದ’ ಅಂದರೆ ಚಿಕ್ಕ ಝಡ್, ‘ಚ’ ಅಂದರೆ ದೊಡ್ಡ ಝಡ್. ‘ರ’ ಚಿಕ್ಕ ಜಿ, ‘ಉ’ ದೊಡ್ಡ ಜಿ. ವರ್ಡ್ ನೋಡುವುದು ಈ ಒಳಗಿನ ಅಕ್ಷರವನ್ನು. ‘ಇದು ಇಂಗ್ಲಿಷ್ ವಾಕ್ಯ, ಮೊದಲ ಅಕ್ಷರ ದೊಡ್ಡದಿರಬೇಕು, ಪಾಪ ಮರೆತಿದ್ದಾರೆ’ ಅಂದುಕೊಂಡು ತಾನೇ ತಿದ್ದುತ್ತದೆ. ಅದಕ್ಕೇ ಸಾಲಿನ ಶುರುವಿನಲ್ಲಿ ಮಾತ್ರ ತೊಂದರೆ, ನಡುವೆ ಇಲ್ಲ. ಆದರೆ ‘ತಾ.’, ‘ಡಾ.’ ಎಂದು ಚುಕ್ಕಿ ಇಟ್ಟ ಮುಂದಿನ ಪದಕ್ಕೂ ಇದೇ ಗತಿ ಬರಬಹುದು, ನೋಡಿಕೊಳ್ಳಿ. ‘ಶ್ರೀ’ ಶುರುವಾಗುವುದು ಮೇಲಕ್ಕೆ ಕೂತ ಚಿಕ್ಕ 2ರಿಂದ, ವರ್ಗದ ಗುರುತು ಬರೆಯುತ್ತೇವಲ್ಲ, ಅದು. ಅಂಕಿಗೆ ಚಿಕ್ಕದು ದೊಡ್ಡದು ಎಂಬುದಿಲ್ಲ, ಹಾಗಾಗಿ ಶ್ರೀ ಬಚಾವು.

ಮಾಡಬೇಕಾದ್ದು ಇಷ್ಟೇ: ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್. ಅಲ್ಲಿ ವಾಕ್ಯದ ಮೊದಲ ಅಕ್ಷರ ದೊಡ್ಡದು ಮಾಡುವ ಟಿಕ್ಕು ತೆಗೆಯಿರಿ. ಅದರ ಆಸುಪಾಸಿನಲ್ಲಿ ಪದದ ಮೊದಲೆರಡು ದೊಡ್ಡಕ್ಷರ ತಿದ್ದುವುದು, ಟೇಬಲ್ ಮನೆಗಳ ಮೊದಲ ಅಕ್ಷರದ್ದು ಉಂಟು, ಅವನ್ನೂ ತೆಗೆಯಿರಿ. ಆ ಟಿಕ್ಕುಗಳು ವರ್ಡ್ ಇನ್‌ಸ್ಟಾಲ್ ಆಗುವಾಗಲೇ ಬಿದ್ದಿರ್ತವೆ. ಅಂದರೆ ಫಾರ್ಮ್ಯಾಟ್ ಹೊಡೆಸಿದಷ್ಟು ಸಲವೂ ರೋಗ ಹೊಸದಾಗಿ ಅಂಟ್ತದೆ.

ಪ್ರಶ್ನೆ: ಮನೆ ವಾಸ್ತುಶಾಂತಿ ಪತ್ರಿಕೆ ಕನ್ನಡ, ಮರಾಠಿ ಎರಡರಲ್ಲೂ ಬೇಕಿತ್ತು. ಮೊಬೈಲಿನಲ್ಲಿ ಕನ್ನಡ ಬರೆದು ಕಂಪ್ಯೂಟರಿಗೆ ಹಾಕಿದೆ. ನುಡಿಯ ಯಾವ ಫಾಂಟ್ ಕೊಟ್ಟರೂ ಅಕ್ಷರ ಒಂಚೂರೂ ಬದಲಾಗಲ್ಲ. ಪ್ರೆಸ್‌ನವರು ನಿಮ್ಮ ಕನ್ನಡ ನಮ್ಮಲ್ಲಿ ತೆರೆಯಲ್ಲ ಅಂತಾರೆ.
— ಕಿರಾಣಿ ಅಂಗಡಿಯವರು, ಅಕ್ಕಲಕೋಟೆ

ಉತ್ತರ: ನಿಮ್ಮದು ಮೇಲಿನವರ ಸಮಸ್ಯೆಯ ಇನ್ನೊಂದು ಮಗ್ಗುಲು. ಮೊಬೈಲ್ ಬರೆಯುವುದು ಯುನಿಕೋಡ್, ಅಂದರೆ ಲೋಕದ ಲಿಪಿಗಳ ಅಕ್ಷರಗಳಿಗೆ ನಂಬರು ಕೊಟ್ಟ ಪಟ್ಟಿಯ ಪ್ರಕಾರ. ಅಲ್ಲಿ ದ ಅಂದರೆ ದ, ಅದಕ್ಕೆ ಅದರದ್ದೇ ಸ್ವಂತ ನಂಬರು. ಹಳೆಯ ನುಡಿ ಫಾಂಟಿನಲ್ಲಿ ಆ ನಂಬರಿನ ಎದುರು ಯಾವ ಚಿತ್ರವೂ ಇಲ್ಲ. ವರ್ಡ್ ಅದನ್ನು ನಿಮಗೆ ಹೇಳುವುದಿಲ್ಲ. ಮೇಲೆ ಫಾಂಟಿನ ಹೆಸರು ನುಡಿ ಅಂತ ತೋರಿಸಿ, ಕೆಳಗೆ ಸದ್ದಿಲ್ಲದೆ ವಿಂಡೋಸ್‌ನ ತುಂಗಾ ಅಥವಾ ನಿರ್ಮಲಾ ಬಳಸ್ತದೆ. ಇಂಥ ಉಪಕಾರ ಮಾಡುವ ಸಾಫ್ಟ್‌ವೇರ್ ಕಂಡರೆ ನನಗೆ ಆಗುವುದಿಲ್ಲ. ಬರುವುದಿಲ್ಲ ಅಂತ ನೆಟ್ಟಗೆ ಹೇಳಿದರೆ ಎಂತ ನಷ್ಟ?

ಚಂದದ ಯುನಿಕೋಡ್ ಫಾಂಟ್‌ಗಳು ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗ್ತವೆ. ನಿಮಗೆ ಎರಡು ಭಾಷೆ ಬೇಕಾದ್ದರಿಂದ ಒಂದೇ ಕುಟುಂಬದವನ್ನು ಆರಿಸಿ. ಕನ್ನಡಕ್ಕೆ ಬಾಲೂ ತಮ್ಮ 2 ಹಾಕಿದರೆ ಮರಾಠಿಗೆ ಬಾಲೂ 2 ಉಂಟು. ಅನೇಕ್ ಕನ್ನಡಕ್ಕೆ ಅನೇಕ್ ದೇವನಾಗರಿ ಜೋಡಿ. ದಪ್ಪ, ಎತ್ತರ ಎರಡೂ ಹೊಂದಿ ಬರ್ತದೆ, ಒಂದು ಭಾಷೆ ಗುಂಡಗೆ, ಇನ್ನೊಂದು ಸಪೂರ ಆಗಿ ಕಾಣುವುದಿಲ್ಲ. ಹಳೆಯ ಕಾಲದ ಅಚ್ಚುಮೊಳೆಯ ಗತ್ತು ಬೇಕಾದರೆ ಟಿರೊ ಕನ್ನಡ ನೋಡಿ, ನನಗೆ ಅದು ಬಹಳ ಇಷ್ಟ.

ಪ್ರೆಸ್‌ನವರಲ್ಲಿ ಇರುವುದು ಪೇಜ್‌ಮೇಕರ್ ಇರಬೇಕು. ಅದು ಪುಟ ಕಟ್ಟುವ ಹಳೆಯ ಸಾಫ್ಟ್‌ವೇರ್, ಕಡೆಯ ಆವೃತ್ತಿ ಬಂದದ್ದು 2001ರಲ್ಲಿ, ಯುನಿಕೋಡ್ ಅದಕ್ಕೆ ಗೊತ್ತೇ ಇಲ್ಲ. ನೀವೇ ಪುಟ ಮಾಡಿ ಪಿಡಿಎಫ್ ಕೊಡಿ. ಅವರು ಕನ್ವರ್ಟರ್ ಹಾಕಿ ನುಡಿಗೆ ತಿರುಗಿಸಿಕೊಳ್ಳುತ್ತೇವೆ ಅಂದರೆ ಪ್ರೂಫ್ ತರಿಸಿ ಎರಡು ಕಡೆ ಕಣ್ಣಿಡಿ: ಅರ್ಕಾವೊತ್ತು ಇರುವ ಪದಗಳು ಮತ್ತು ನಡುವೆ ಬಂದ ಇಂಗ್ಲಿಷ್ ಪದಗಳು. ಇಂಗ್ಲಿಷಿನಲ್ಲಿ ಬರೆದ ಹೋಟೆಲಿನ ಹೆಸರು ಒತ್ತು, ಕೊಂಬುಗಳ ರಾಶಿಯಾಗಿ ಅಚ್ಚಾದ ಪತ್ರಿಕೆ ನನ್ನ ಮೇಜಿಗೆ ಆಗಾಗ ಬರ್ತದೆ.

ಪ್ರಶ್ನೆ: ತುಳು ಲಿಪಿ ಯುನಿಕೋಡಿಗೆ ಸೇರಿತು ಅಂತ ಓದಿದೆ. ಗೆಳೆಯ ಕಳಿಸಿದ್ದು ನನ್ನ ಫೋನಿನಲ್ಲಿ ಬರೇ ಚೌಕ ಚೌಕ. ಫೋನ್ ಹಾಳಾ?
— ಕಾಲೇಜು ವಿದ್ಯಾರ್ಥಿ, ಮಂಜೇಶ್ವರ

ಉತ್ತರ: ಹಾಳಲ್ಲ. ಸೇರಿದ್ದು ನಿಜ, 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16ರಲ್ಲಿ, ತುಳು-ತಿಗಳಾರಿ ಎಂಬ ಹೆಸರಿನಲ್ಲಿ. ಆದರೆ ಅಕ್ಷರಕ್ಕೆ ನಂಬರು ಸಿಕ್ಕಿದ ಮಾತ್ರಕ್ಕೆ ನಿಮ್ಮ ಫೋನಿಗೆ ಫಾಂಟ್ ಬರುವುದಿಲ್ಲ. ಚೌಕ ಕಂಡರೆ ಫಾಂಟ್ ಇಲ್ಲ ಎಂದು ಅರ್ಥ. ಪೌಂಡ್ ಗುರುತು, ಗೀಟಿನ ಎ ಕಂಡರೆ ಯಾರೋ ನುಡಿ ಫೈಲ್ ಕಳಿಸಿದ್ದಾರೆ ಎಂದು ಅರ್ಥ. ಎರಡಕ್ಕೂ ಫಾರ್ಮ್ಯಾಟ್ ಮದ್ದಲ್ಲ.

ಪ್ರಶ್ನೆ: ಕನ್ನಡ ಮಾಧ್ಯಮದ ಟೀಚರ್ ನಾನು. ಮನೆಯಲ್ಲಿ ವರ್ಡ್‌ನಲ್ಲಿ ಮಾಡಿದ ಪ್ರಶ್ನೆಪತ್ರಿಕೆ ಶಾಲೆಯ ಲ್ಯಾಪ್‌ಟಾಪಿನಲ್ಲಿ ತೆರೆದರೆ ಎರಡು ಪುಟದ್ದು ಮೂರಾಗ್ತದೆ, ಬಲಬದಿಯ ಅಂಕಗಳು ಕೆಳಗಿನ ಸಾಲಿಗೆ ಜಾರ್ತವೆ. ಇನ್ನೊಂದು, ‘ಕ್ಷೇತ್ರ’, ‘ವಿಸ್ತೀರ್ಣ’ ಇಂಥ ಪದಗಳ ಒತ್ತು ಅರ್ಧ ಕತ್ತರಿಸಿದ ಹಾಗೆ ಕಾಣ್ತದೆ.
— ಪೈವಳಿಕೆ

ಉತ್ತರ: ಒತ್ತಿನದ್ದು ಮೊದಲು. ಪುಟ ಉಳಿಸಲಿಕ್ಕೆ ಲೈನ್ ಸ್ಪೇಸಿಂಗನ್ನು ‘ಎಕ್ಸಾಕ್ಟ್ಲಿ’ ಮಾಡಿ 12 ಪಾಯಿಂಟೋ ಎಷ್ಟೋ ಇಟ್ಟಿದ್ದೀರಿ ಅಂತ ನನ್ನ ಅಂದಾಜು. ಇಂಗ್ಲಿಷಿಗೆ ಅಷ್ಟು ಸಾಕಾಗ್ತದೆ. ನಮ್ಮ ಅಕ್ಷರದ ಕೆಳಗೆ ಒತ್ತು ನೇತಾಡ್ತದೆ, ಅದಕ್ಕೆ ಜಾಗ ಬೇಡವಾ? ‘ಅಟ್ ಲೀಸ್ಟ್’ ಅಥವಾ ‘ಸಿಂಗಲ್’ ಮಾಡಿ, ಒತ್ತು ಪೂರ್ತಿ ಕಾಣ್ತದೆ.

ಪುಟ ಜಾರುವುದು ಫಾಂಟಿನಿಂದ. ನಿಮ್ಮ ಪೈವಳಿಕೆಯೂ ಸೇರಿ ಕೇರಳದ ಶಾಲೆಗಳಿಗೆ ಕೈಟ್ ಎಂಬ ಸರಕಾರಿ ಸಂಸ್ಥೆ ಕೊಡುವುದು ವಿಂಡೋಸ್ ಅಲ್ಲ, ಉಬುಂಟು ಆಧಾರಿತ ವ್ಯವಸ್ಥೆ, ಅದರಲ್ಲಿ ವರ್ಡ್ ಬದಲಿಗೆ ಲಿಬ್ರೆ ಆಫೀಸ್. ನಿಮ್ಮ ಮನೆಯ ನಿರ್ಮಲಾ ಫಾಂಟ್ ಅಲ್ಲಿ ಇರುವುದಿಲ್ಲ. ಬದಲಿಗೆ ಲೋಹಿತ್ ಕನ್ನಡದಂಥ ಬೇರೊಂದು ಬಂದು ಕೂರ್ತದೆ, ಅದರ ಅಕ್ಷರದ ಅಗಲವೇ ಬೇರೆ. ನೋಟೊ ಸೆರಿಫ್ ಕನ್ನಡ ಎರಡೂ ಕಡೆ ಹಾಕಿಕೊಂಡು ಅದರಲ್ಲೇ ಟೈಪ್ ಮಾಡಿ. ಮತ್ತೆ ತಿದ್ದಲಿಕ್ಕೆ ಇಲ್ಲದಿದ್ದರೆ ಪಿಡಿಎಫ್ ಮಾಡಿ ಒಯ್ಯಿರಿ.

ಅಂಕ ಜಾರುವುದಕ್ಕೆ ಕಾರಣ ಸ್ಪೇಸ್ ಬಾರ್. ನಮ್ಮ ಊರಿನಲ್ಲಿ ಟೈಪ್ ಮಾಡುವವರೆಲ್ಲ ಸ್ಪೇಸ್ ಒತ್ತಿ ಒತ್ತಿಯೇ ಬಲಬದಿಗೆ ದೂಡುವುದು. ಮೇಲಿನ ರೂಲರಿನಲ್ಲಿ ರೈಟ್ ಟ್ಯಾಬ್ ಒಂದು ಇಟ್ಟು, ಪ್ರಶ್ನೆ ಮುಗಿದ ಮೇಲೆ ಟ್ಯಾಬ್ ಕೀಲಿ ಒಂದೇ ಸಲ ಒತ್ತಿ. ಫಾಂಟ್ ಯಾವುದೇ ಬರಲಿ, ಅಂಕ ಗೋಡೆಗೆ ಒರಗಿಯೇ ನಿಲ್ತದೆ.

ಪ್ರಶ್ನೆ: ಗುಡ್ಡೆ ಮೇಲಿನ ಮನೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ಮೋಡೆಮ್ ಹೋಯಿತು, ಹೊಸತು ತಂದೆ. ಕಂಪ್ಯೂಟರ್ ಆನ್ ಆಗ್ತದೆ, ಕೆಲಸ ಮಾಡ್ತದೆ, ಇಂಟರ್‌ನೆಟ್ ಮಾತ್ರ ಇಲ್ಲ. ಫಾರ್ಮ್ಯಾಟ್ ಮಾಡಿದರೂ ಬರಲಿಲ್ಲ, ಈಗ ಮದರ್‌ಬೋರ್ಡ್ ಬದಲಿಸಬೇಕಂತೆ. ವೋಲ್ಟೇಜ್ ಏರಿದರೆ ತಡೆಯುವ ಸ್ಪೈಕ್ ಗಾರ್ಡ್ ಹಾಕಿಯೇ ಇದ್ದೆ.
— ಅಡಕೆ ಕೃಷಿಕರು, ಪೆರ್ಲ

ಉತ್ತರ: ಬದಲಿಸಬೇಡಿ. ಸಿಡಿಲು ಕರೆಂಟಿನ ತಂತಿಯಲ್ಲಿ ಮಾತ್ರ ಬರುವುದಲ್ಲ. ಮೋಡೆಮಿನಿಂದ ಕಂಪ್ಯೂಟರಿಗೆ ಹೋಗುವ ಲ್ಯಾನ್ ವಯರಿನಲ್ಲೂ ಒಳಗೆ ನುಗ್ತದೆ. ಹೋದದ್ದು ಆ ವಯರ್ ಸಿಕ್ಕಿಸುವ ಪೋರ್ಟ್. ಹಿಂದೆ ಬಗ್ಗಿ ನೋಡಿ, ವಯರ್ ಹಾಕಿದರೂ ಅದರ ಸಣ್ಣ ದೀಪ ಉರಿಯುವುದಿಲ್ಲವಲ್ಲ? ಅಲ್ಲಿಗೆ ಖಾತ್ರಿ. ಯುಎಸ್‌ಬಿಗೆ ಸಿಕ್ಕಿಸುವ ಲ್ಯಾನ್ ಅಡಾಪ್ಟರ್ ಅಥವಾ ವೈಫೈ ಡಾಂಗಲ್ ಕೆಲವು ನೂರು ರೂಪಾಯಿಗೆ ಸಿಗ್ತದೆ. ನನ್ನನ್ನು ಕೇಳಿದರೆ ವೈಫೈಯದ್ದೇ ಒಳ್ಳೆಯದು, ಮೋಡೆಮಿಗೂ ಕಂಪ್ಯೂಟರಿಗೂ ನಡುವೆ ತಂತಿಯ ಸಂಬಂಧವೇ ಇರುವುದಿಲ್ಲ.

ಸ್ಪೈಕ್ ಗಾರ್ಡಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಒಳ್ಳೆಯದರ ಒಳಗೆ ವೇರಿಸ್ಟರ್ ಎಂಬ ಬಿಲ್ಲೆಗಳಿರ್ತವೆ. ವೋಲ್ಟೇಜ್ ಮಿತಿ ಮೀರಿದರೆ ಅದು ಹೆಚ್ಚುವರಿಯನ್ನು ನೆಲಕ್ಕೆ ಇಳಿಯುವ ತಂತಿ, ಅಂದರೆ ಅರ್ತ್‌ಗೆ ತಿರುಗಿಸ್ತದೆ. ಅರ್ತ್ ಸರಿ ಇಲ್ಲದ ಮನೆಯಲ್ಲಿ ಅದು ತೂಬು ಇಡದೆ ಕಟ್ಟಿದ ಗದ್ದೆಯ ಹುಣಿ, ನೀರು ಹೋಗುವುದೆಲ್ಲಿಗೆ? ನಮ್ಮ ಮುರಕಲ್ಲಿನ ಗುಡ್ಡೆಗಳಲ್ಲಿ ಅರ್ತ್ ಒಳ್ಳೆಯದು ಸಿಗುವುದೇ ಕಷ್ಟ. ಮಣ್ಣಿನ ಪದರ ತೆಳು, ಏಪ್ರಿಲ್-ಮೇಯಲ್ಲಿ ಅದೂ ಒಣಗಿ ಕಲ್ಲಾಗಿರ್ತದೆ, ಮೊದಲ ಸಿಡಿಲು ಬರುವುದೂ ಆಗಲೇ. ಅರ್ತ್ ಗುಂಡಿಗೆ ಬೇಸಗೆಯಲ್ಲಿ ನೀರು ಹೊಯ್ಯಲಿಕ್ಕೆ ಹೇಳುವುದು ಇದಕ್ಕೆ. ಇಲೆಕ್ಟ್ರಿಶನ್ ಕರೆಸಿ ಅರ್ತ್ ಅಳೆಯಿಸಿ, ನೀವೇ ಬಲ್ಬು ಹಿಡಿದು ಪರೀಕ್ಷೆ ಮಾಡಲಿಕ್ಕೆ ಹೋಗಬೇಡಿ. ವೇರಿಸ್ಟರ್ ಪ್ರತಿ ಹೊಡೆತಕ್ಕೂ ಸವೆಯುತ್ತದೆ, ಗಾರ್ಡ್‌ನ ಕೆಂಪು ದೀಪ ಉರಿಯುತ್ತದೆ ಎಂದ ಮಾತ್ರಕ್ಕೆ ರಕ್ಷಣೆ ಉಂಟು ಎಂದಲ್ಲ.

ಫೈಬರ್ ಹಾಕಿಸಿದರೆ ಹೆದರಿಕೆ ಇಲ್ಲ ಎಂಬ ಮಾತು ಅರ್ಧ ಸತ್ಯ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಸರಿ. ಆದರೆ ಕಂಬದಿಂದ ಮನೆಗೆ ಎಳೆಯುವ ಕೆಲವು ಕೇಬಲ್‌ಗಳಲ್ಲಿ ಜಗ್ಗದಿರಲಿ ಎಂದು ಉಕ್ಕಿನ ತಂತಿ ಇರ್ತದೆ, ಮತ್ತೆ ಮೋಡೆಮಿಗೆ ಕರೆಂಟಿನ ಪ್ಲಗ್ ಹೇಗೂ ಉಂಟು. ಮಧ್ಯಾಹ್ನದ ಮೇಲೆ ಮೂಡುದಿಕ್ಕಿನಲ್ಲಿ ಮೋಡ ಕಪ್ಪಾದರೆ ಸ್ವಿಚ್ ಆಫ್ ಮಾಡಿ ಸುಮ್ಮನಾಗಬೇಡಿ, ಪ್ಲಗ್ಗನ್ನೇ ಎಳೆಯಿರಿ. ಸಿಡಿಲು ತಲೆ ಮೇಲೆ ಬಂದ ಮೇಲೆ ಮಾತ್ರ ಅದರ ಹತ್ತಿರ ಹೋಗಬೇಡಿ, ಹೋದರೆ ಮೋಡೆಮ್ ಹೋಗಲಿ.

ಪ್ರಶ್ನೆ: ನೆಟ್ ನೋಡುತ್ತಿದ್ದಾಗ ಪರದೆ ತುಂಬ ಎಚ್ಚರಿಕೆ ಬಂದು ಕಿರುಚತೊಡಗಿತು, ಅಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಕಂಪನಿಯವನು ಅಂದವನು ಒಂದು ಆಪ್ ಹಾಕಿಸಿ, ನನ್ನ ಕಂಪ್ಯೂಟರಿನಲ್ಲೇ ಕೆಂಪು ಗುರುತಿನ ತಪ್ಪುಗಳ ಪಟ್ಟಿ ತೋರಿಸಿದ. ದುಡ್ಡು ಕೇಳಿದಾಗ ಸಂಶಯ ಬಂದು ಇಟ್ಟುಬಿಟ್ಟೆ. ಇನ್ನೇನಾದರೂ ಮಾಡಬೇಕಾ?
— ನಿವೃತ್ತ ಅಂಚೆ ನೌಕರರು, ತಾಳವಾಡಿ

ಉತ್ತರ: ಆ ಪಟ್ಟಿ ‘ಇವೆಂಟ್ ವ್ಯೂವರ್’ ಎಂಬುದರದ್ದು. ಕೆಂಪು ಗುರುತು ಎಲ್ಲರ ಕಂಪ್ಯೂಟರಿನಲ್ಲೂ ಉಂಟು, ನನ್ನದರಲ್ಲೂ ಉಂಟು. ಕಿರುಚಿದ್ದು ಬರೇ ಒಂದು ವೆಬ್ ಪುಟ, ಆಲ್ಟ್ ಎಫ್4 ಒತ್ತಿದ್ದರೆ ಹೋಗುತ್ತಿತ್ತು. ಆದರೆ ಗೊತ್ತಿಲ್ಲದವನ ಕೈಗೆ ಕಂಪ್ಯೂಟರ್ ಕೊಟ್ಟದ್ದು ಸಣ್ಣ ವಿಷಯವಲ್ಲ, ಅವನು ಬೇರೆ ಎಂತ ಇಟ್ಟು ಹೋಗಿದ್ದಾನೋ. ನೆಟ್ ಕಡಿಯಿರಿ. ಬ್ಯಾಂಕಿನ ಮತ್ತು ಈಮೇಲಿನ ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಿಸಿ, ಬ್ಯಾಂಕಿಗೆ ತಿಳಿಸಿ. ದುಡ್ಡು ಹೋದದ್ದು ಕಂಡರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ದಾಟಿ ಹೋಗ್ತದೆ. ಆಮೇಲೆ ಫೋಟೋ, ಕಾಗದಪತ್ರ ಬೇರೆ ಡಿಸ್ಕಿಗೆ ತೆಗೆದಿಟ್ಟು ಫಾರ್ಮ್ಯಾಟ್ ಹೊಡೆಸಿ. ಹೌದು, ನಾನೇ ಹೇಳ್ತಿದ್ದೇನೆ. ಇಲ್ಲಿ ಅದಕ್ಕೆ ಕಾರಣ ಉಂಟು.

ಪ್ರಶ್ನೆ: ಹಳೆಯ ಕಂಪ್ಯೂಟರ್. ದಿನಾ ಆನ್ ಮಾಡುವಾಗ ಎಫ್1 ಒತ್ತು ಅಂತದೆ, ತಾರೀಕು ಹತ್ತಾರು ವರ್ಷ ಹಿಂದಿನದ್ದು ತೋರಿಸ್ತದೆ, ಯಾವ ವೆಬ್‌ಸೈಟೂ ಸುರಕ್ಷಿತವಲ್ಲ ಅಂತದೆ. ವಿಂಡೋಸ್ ಹೊಸತು ಹಾಕಬೇಕಂತೆ.
— ಕುಂಬಳೆ

ಉತ್ತರ: ಮದರ್‌ಬೋರ್ಡಿನ ಮೇಲಿನ ಗಡಿಯಾರದ ಸೆಲ್ ಮುಗಿದಿದೆ, ಅಷ್ಟೆ. ವೆಬ್‌ಸೈಟ್‌ಗಳ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರ್ತದೆ. ನಿಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ಅವು ಇನ್ನೂ ಹುಟ್ಟಿಯೇ ಇಲ್ಲ, ಹಾಗಾಗಿ ನಂಬುವುದಿಲ್ಲ. ಸಿಆರ್ 2032 ಅಂತ ಕೇಳಿ, ವಾಚು ರಿಪೇರಿಯವರಲ್ಲೂ ಸಿಗ್ತದೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಹೆಸರಿನಲ್ಲೇ ಅಳತೆ ಉಂಟು. ಸಿಆರ್ 2025 ಕೊಟ್ಟರೆ ತೆಳುವಾಗಿ ಅಲ್ಲಾಡ್ತದೆ, ತರಬೇಡಿ. ಪ್ಲಗ್ ಎಳೆದು, ಪಕ್ಕದ ಕ್ಲಿಪ್ ಒತ್ತಿ ಹಳೆಯದು ತೆಗೆಯಿರಿ, ಹೊಸತನ್ನು ಪ್ಲಸ್ ಗುರುತು ಮೇಲಕ್ಕೆ ಬರುವ ಹಾಗೆ ಕೂರಿಸಿ. ಆಮೇಲೆ ತಾರೀಕು ಒಮ್ಮೆ ಸರಿ ಮಾಡಿಡಿ.