ಓದುಗರ ಪ್ರಶ್ನೆ: ಗ್ಲೆನ್ ಮಿಲ್ಲರ್ ಬ್ಯಾಂಡಿನ ಆ ನಾದ

ಪ್ರಶ್ನೆ: ಅಮೆರಿಕದ ಬ್ಯಾಂಡ್ ನಾಯಕ ಗ್ಲೆನ್ ಮಿಲ್ಲರ್ ಕುರಿತ 1954ರ ‘ದಿ ಗ್ಲೆನ್ ಮಿಲ್ಲರ್ ಸ್ಟೋರಿ’ ಚಿತ್ರದಲ್ಲಿ ಟ್ರಂಪೆಟ್ ವಾದಕನ ತುಟಿ ಒಡೆಯುತ್ತದೆ, ಅವನ ಭಾಗ ಕ್ಲಾರಿನೆಟ್ಟಿಗೆ ಹೋಗುತ್ತದೆ, ಮಿಲ್ಲರ್‌ಗೆ ತಾನು ಹುಡುಕುತ್ತಿದ್ದ ನಾದ ಸಿಗುತ್ತದೆ. ಇದು ನಡೆದದ್ದೇ?

ಉತ್ತರ: ಹಾಗೆ ಒಂದೇ ರಾತ್ರಿಯಲ್ಲಿ ಅಲ್ಲ. 1935ರ ಸುಮಾರಿಗೆ ಮಿಲ್ಲರ್ ನ್ಯೂಯಾರ್ಕಿನಲ್ಲಿ ರೇ ನೋಬಲ್ ತಂಡಕ್ಕೆ ಅರೇಂಜ್ ಮಾಡುತ್ತಿದ್ದರು, ಅಂದರೆ ಯಾವ ವಾದ್ಯ ಏನು ನುಡಿಸಬೇಕೆಂದು ಬರೆದುಕೊಡುತ್ತಿದ್ದರು. ಆ ತಂಡದ ಪೀ ವೀ ಎರ್ವಿನ್ ಟ್ರಂಪೆಟ್ಟಿನಲ್ಲಿ ಎತ್ತರದ ಸ್ವರಗಳನ್ನು ಸಲೀಸಾಗಿ ಹಿಡಿಯುತ್ತಿದ್ದರು. ಆ ಟ್ರಂಪೆಟ್ಟನ್ನು ಸ್ಯಾಕ್ಸೋಫೋನುಗಳ ಮೇಲೆ ಕೂರಿಸಿ ಮಿಲ್ಲರ್ ಬರೆದರು. ಎರ್ವಿನ್ ಹೋದ ಮೇಲೆ ಬಂದವರಿಗೆ ಆ ಎತ್ತರ ಎಟುಕದೆ ಆ ಸಾಲು ಕ್ಲಾರಿನೆಟ್ಟಿನ ಪಾಲಾಯಿತು. ಮಿಲ್ಲರ್ ಅವರ ಮೊದಲ ಬ್ಯಾಂಡ್ ಮುರಿದು, 1938ರಲ್ಲಿ ಮತ್ತೆ ಕಟ್ಟಿದಾಗ ಕ್ಲಾರಿನೆಟ್ ವಾದಕ ವಿಲ್ಬರ್ ಶ್ವಾರ್ಟ್ಜ್ ಬಂದರು; ಕ್ಲಾರಿನೆಟ್ ಕಾಯಂ ಮುಂದಾಳಾಯಿತು. ತುಟಿಯ ದೃಶ್ಯ ನೋಡಲು ಚೆಂದ. ಆದರೆ ವರ್ಷಗಟ್ಟಲೆ ಬರೆದು ತಿದ್ದಿದ ಕೆಲಸವನ್ನು ಅದು ನುಂಗಿಬಿಡುತ್ತದೆ, ಅದು ನಮಗೆ ಬೇಸರ.

ಪ್ರಶ್ನೆ: ನಮ್ಮಲ್ಲಿ ಒಂದು ಕ್ಲಾರಿನೆಟ್, ಎರಡು ಆಲ್ಟೋ, ಎರಡು ಟೆನರ್ ಸ್ಯಾಕ್ಸ್ ಇವೆ. ಮಿಲ್ಲರ್ ಅವರ ‘ಮೂನ್‌ಲೈಟ್ ಸೆರೆನೇಡ್’ನ ನಾದ ಬರಿಸುವುದು ಹೇಗೆ?

ಉತ್ತರ: ಬೇಕಾದ ಐದೂ ನಿಮ್ಮಲ್ಲಿವೆ. ರಾಗದ ಸಾಲನ್ನು ಕ್ಲಾರಿನೆಟ್ ನುಡಿಸಲಿ, ಒಬ್ಬ ಟೆನರ್ ಅದನ್ನೇ ಒಂದು ಸ್ಥಾಯಿ ಕೆಳಗೆ ನುಡಿಸಲಿ. ಎರಡೂ ಬಿ ಫ್ಲ್ಯಾಟ್ ವಾದ್ಯಗಳು (ಹಾಳೆಯಲ್ಲಿ ಸಿ ಬರೆದರೆ ಕೇಳುವುದು ಬಿ ಫ್ಲ್ಯಾಟ್), ಆದ್ದರಿಂದ ಬೇರೆ ಬರೆಯಬೇಕಿಲ್ಲ: ಒಂದೇ ಹಾಳೆ ಇಬ್ಬರ ಮುಂದಿಟ್ಟರೆ ಸ್ಥಾಯಿಯ ಅಂತರ ತಾನಾಗಿ ಬರುತ್ತದೆ. ಆಲ್ಟೋಗಳದು ಇ ಫ್ಲ್ಯಾಟ್, ಅವಕ್ಕೆ ಬೇರೆ ಹಾಳೆ ಬೇಕು. ಉಳಿದ ಮೂವರು ಈ ಎರಡು ಅಂಚುಗಳ ನಡುವೆ ಕಾರ್ಡಿನ (ಒಟ್ಟಿಗೆ ನುಡಿಯುವ ಸ್ವರಗುಚ್ಛದ) ಸ್ವರಗಳನ್ನು ತುಂಬುತ್ತಾರೆ. ಶಂಕರಾಭರಣದ ಸ್ವರಗಳಲ್ಲಿ ಹೇಳುವುದಾದರೆ, ಕ್ಲಾರಿನೆಟ್ ‘ಪ’ ಹಿಡಿದಾಗ ಆಲ್ಟೋಗಳು ‘ಗ’ ಮತ್ತು ‘ಸ’, ಒಂದು ಟೆನರ್ ಮಂದ್ರದ ‘ಧ’, ಇನ್ನೊಂದು ಮಂದ್ರದ ‘ಪ’.

ಕೆಡುವುದು ಸಾಮಾನ್ಯವಾಗಿ ಶ್ರುತಿ ಆಯ್ಕೆಯಲ್ಲಿ. ಕ್ಲಾರಿನೆಟ್ಟಿನ ಹಾಳೆಯ ಐದು ಗೆರೆಗಳಲ್ಲಿ ಕೆಳಗಿನಿಂದ ಎರಡನೇ ಗೆರೆಯ ಜಿ ಯಿಂದ ನಡುಗೆರೆಯ ಬಿ ಫ್ಲ್ಯಾಟ್‌ವರೆಗಿನ ಸ್ವರಗಳು ತೆಳು. ರಾಗ ಅಲ್ಲೇ ಸುಳಿದಾಡಿದರೆ ಸ್ಯಾಕ್ಸುಗಳು ಅದನ್ನು ಮುಚ್ಚಿಹಾಕುತ್ತವೆ. ರಾಗದ ಹೆಚ್ಚಿನ ಭಾಗ ನಡುಗೆರೆಯ ಬಿ ಗಿಂತ ಮೇಲೆ ಬರುವಂತೆ ಇಡೀ ಹಾಡನ್ನು ಏರಿಸಿ. ಆಮೇಲೆ ಕ್ಲಾರಿನೆಟ್ ಮತ್ತು ಅದರ ಜೋಡಿ ಟೆನರ್ ಇಬ್ಬರೇ ಕೂತು ಶ್ರುತಿ ಕೂಡಿಸಿಕೊಳ್ಳಲಿ, ಕಂಪನದ ವೇಗವೂ ಒಂದೇ ಆಗಲಿ. ಅದು ಕೂಡದೆ ಉಳಿದವರನ್ನು ಸೇರಿಸಬೇಡಿ. ನಡುವಿನ ಮೂವರು ತಮ್ಮ ದನಿ ತಮಗೇ ಎದ್ದು ಕೇಳದಷ್ಟು ಮೆತ್ತಗೆ ಊದಬೇಕು. ಒಬ್ಬ ಟೆನರ್ ಬಾರದಿದ್ದ ದಿನ ‘ಧ’ ಬಿಡಿ, ಕೆಳಗಿನ ‘ಪ’ ಬಿಡಬೇಡಿ.

ಪ್ರಶ್ನೆ: ಚಿತ್ರದ ಕೊನೆಯಲ್ಲಿ ‘ಲಿಟಲ್ ಬ್ರೌನ್ ಜಗ್’ ಹೆಂಡತಿಗೆ ಕ್ರಿಸ್‌ಮಸ್ ಉಡುಗೊರೆಯಾಗಿ ಬರುತ್ತದೆ. ನಿಜವೇ?

ಉತ್ತರ: ಅಲ್ಲ. ಮಿಲ್ಲರ್ ಇಂಗ್ಲಿಷ್ ಕಾಲುವೆಯ ಮೇಲೆ ವಿಮಾನದೊಂದಿಗೆ ಕಣ್ಮರೆಯಾದದ್ದು 1944ರ ಡಿಸೆಂಬರ್ 15ರಂದು. ಬಿಲ್ ಫಿನೆಗನ್ ಅರೇಂಜ್ ಮಾಡಿದ ಆ ಹಾಡು 1939ರ ಏಪ್ರಿಲ್‌ನಲ್ಲೇ ಧ್ವನಿಮುದ್ರಣಗೊಂಡು ಜನಪ್ರಿಯವಾಗಿತ್ತು. ಮೂಲ ಹಾಡಂತೂ 1869ರದು.

ಪ್ರಶ್ನೆ: ಚಿತ್ರದಲ್ಲಿ ಟ್ರಾಂಬೋನ್ ನುಡಿಸಿದ್ದು ಮಿಲ್ಲರ್ ಪಾತ್ರದ ನಟ ಜೇಮ್ಸ್ ಸ್ಟೀವರ್ಟ್ ಅವರೇ?

ಉತ್ತರ: ಕೈ ಅವರದು, ದನಿ ಅವರದಲ್ಲ. ಸ್ಲೈಡ್ (ಟ್ರಾಂಬೋನಿನ ಜಾರುವ ಕೊಳವೆ) ಹಿಡಿಯುವುದನ್ನು ಸ್ಟೀವರ್ಟ್‌ಗೆ ಕಲಿಸಿದವರು ವಾದಕ ಜೋ ಯೂಕಲ್. ಸ್ಲೈಡಿಗೆ ಏಳು ಸ್ಥಾನಗಳಿವೆ, ಗುರುತುಗಳಿಲ್ಲ. ಊದುವವರ ಕಣ್ಣಿಗೆ ತಪ್ಪು ಸ್ಥಾನ ಥಟ್ಟನೆ ಕಾಣುತ್ತದೆ. ಅದಕ್ಕಾಗಿಯೇ ಆ ಪಾಠ. ಆ ವರ್ಷದ ಧ್ವನಿಗ್ರಹಣದ ಆಸ್ಕರ್ ಈ ಚಿತ್ರಕ್ಕೇ ಬಂತು.